ಮೊದಲು ನುಸಿಯನ್ನು ನೋಡಿ, ನಂತರ ಔಷಧಿ

(ಬೆಳೆ ಸಂರಕ್ಷಣಾ ತರಬೇತಿಯಲ್ಲಿ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಮುಂದೆ ಮಾಡಿದ ಭಾಷಣ)



ಮೆಣಸಿನಕಾಯಿ ಬೆಳೆಯುವ ಊರುಗಳಲ್ಲಿ ಎಲೆ ಮುಟುರಿಕೊಂಡರೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ನುಸಿ ಬಿದ್ದಿದೆ." ರೈತನು ಅಂಗಡಿಗೆ ಹೋಗಿ ನುಸಿಗೆ ಔಷಧಿ ಕೇಳುತ್ತಾನೆ. ಕೊಟ್ಟದ್ದನ್ನು ತಂದು ಸಿಂಪಡಿಸುತ್ತಾನೆ. ಎಂಟು ಹತ್ತು ದಿನಗಳಲ್ಲಿ ಗುಣ ಕಾಣದಿದ್ದರೆ ಇನ್ನೊಂದು ಔಷಧಿ. ಅದೂ ನಾಟದಿದ್ದರೆ ಎರಡನ್ನೂ ಬೆರೆಸಿ ಮತ್ತೊಂದು ಸಲ. ಅಷ್ಟರಲ್ಲಿ ಹೂ ಉದುರಿರುತ್ತದೆ, ಕೈಯಲ್ಲಿದ್ದ ಹಣವೂ ಮುಗಿದಿರುತ್ತದೆ.

ಈ ತೊಡಕು ಹೆಸರಿನಿಂದಲೇ ಪ್ರಾರಂಭವಾಗುತ್ತದೆ. ಕನ್ನಡದಲ್ಲಿ ನುಸಿ ಎಂಬ ಒಂದೇ ಮಾತು ಎರಡು ಬೇರೆ ಬೇರೆ ಜೀವಿಗಳಿಗೆ ಬಳಕೆಯಲ್ಲಿದೆ. ಮೊದಲನೆಯದು ಥ್ರಿಪ್ಸ್ ನುಸಿ. ಇದು ಆರು ಕಾಲುಗಳ ಕೀಟ. ಉದ್ದ ಸುಮಾರು 1 ಮಿ.ಮೀ. ಎರಡನೆಯದು ಮೈಟ್ ನುಸಿ. ಇದು ಕೀಟವೇ ಅಲ್ಲ. ಜೇಡಕ್ಕೂ ದನಗಳ ಮೈಗೆ ಹತ್ತುವ ಉಣುಗಿಗೂ ಸಂಬಂಧಿ. ಬೆಳೆದ ಮೈಟ್ ನುಸಿಗೆ ಎಂಟು ಕಾಲುಗಳು. ಮೆಣಸಿನ ಗಿಡಕ್ಕೆ ಬರುವ ಹಳದಿ ಮೈಟ್ ನುಸಿಯ ಉದ್ದ ಸುಮಾರು 0.2 ಮಿ.ಮೀ. ಮಾತ್ರ. ಐದು ನುಸಿಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಥ್ರಿಪ್ಸಿನ ಉದ್ದವಾದೀತು.

ಥ್ರಿಪ್ಸ್ ನುಸಿಯನ್ನು ಕೊಲ್ಲುವ ಅನೇಕ ಕೀಟನಾಶಕಗಳಿಂದ ಮೈಟ್ ನುಸಿ ಸಾಯುವುದಿಲ್ಲ. ಅದಕ್ಕೆ ಗಂಧಕದಂತಹ ನುಸಿನಾಶಕವೇ ಬೇಕು. ಅಷ್ಟೇ ಅಲ್ಲದೆ, ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳನ್ನು ಪದೇ ಪದೇ ಹೊಡೆದಲ್ಲಿ, ಪೀಡಕ ನುಸಿಯನ್ನು ತಿಂದು ಬದುಕುವ ಪರಭಕ್ಷಕ ನುಸಿಗಳು ಸತ್ತು ಪೀಡೆ ಮೊದಲಿಗಿಂತ ಹೆಚ್ಚುವುದುಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇಲ್ಲಿ ಅಕ್ಷರಶಃ ಸರಿಹೊಂದುತ್ತದೆ. ಆದುದರಿಂದ ಔಷಧಿಯ ಮಾತಿಗೆ ಮೊದಲು ಪೀಡೆಯ ಮುಖವನ್ನು ನೋಡಬೇಕು. ಇಷ್ಟು ಸಣ್ಣ ಜೀವಿಯ ಮುಖವನ್ನು ನೋಡುವ ಬಗೆ ಯಾವುದು, ಅದರ ಪೂರ್ಣ ಛಾಯಾಚಿತ್ರವನ್ನು ತಜ್ಞರು ಹೇಗೆ ತೆಗೆಯುತ್ತಾರೆ, ಅದರಿಂದ ಹೊಲದಲ್ಲಿರುವವನಿಗೆ ಏನು ಪ್ರಯೋಜನ ಎಂಬುದೇ ಇಂದಿನ ವಿಷಯ.

ಗಿಡ ಹೇಳುವುದು ಎಷ್ಟು?

ಗಿಡವೇ ಕೆಲವು ಗುರುತುಗಳನ್ನು ಕೊಡುತ್ತದೆ. ಥ್ರಿಪ್ಸ್ ಬಾಧೆಯಿದ್ದರೆ ಎಲೆಯ ಅಂಚುಗಳು ಮೇಲ್ಮುಖವಾಗಿ ಮಡಚಿ ದೋಣಿಯಂತೆ ಕಾಣುತ್ತವೆ. ಮೈಟ್ ನುಸಿಯ ಬಾಧೆಯಲ್ಲಿ ಅಂಚುಗಳು ಕೆಳಮುಖವಾಗಿ ಬಾಗಿ ಮಗುಚಿಟ್ಟ ದೋಣಿಯಂತಾಗುತ್ತವೆ. ಎಲೆಯ ತೊಟ್ಟು ಉದ್ದವಾಗುತ್ತದೆ. ಈ ಎರಡು ಗುರುತುಗಳನ್ನು ಪ್ರತಿಯೊಬ್ಬ ಬೆಳೆಗಾರನೂ ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು.

ಆದರೆ ಗುರುತುಗಳು ಎಲ್ಲ ಕಾಲದಲ್ಲೂ ಸಾಲವು. ಒಂದೇ ಗಿಡದಲ್ಲಿ ಎರಡು ನುಸಿಗಳೂ ಇದ್ದಾಗ ಎಲೆಗಳು ಎರಡೂ ಬಗೆಯಾಗಿ ಮುದುಡುತ್ತವೆ. ಬಿಳಿ ನೊಣದಿಂದ ಹರಡುವ ನಂಜು ರೋಗದಲ್ಲಿಯೂ ಎಲೆ ಮೇಲಕ್ಕೆ ಮುಟುರಿ ಗಿಡ ಗಿಡ್ಡಾಗುತ್ತದೆ. ಹೀಗಾಗಿ ಒಂದೇ ಮುಟುರಿಗೆ ಮೂರು ಕಾರಣಗಳಿರಬಹುದು. ಕೊನೆಯ ನಿರ್ಧಾರಕ್ಕೆ ಪೀಡೆಯನ್ನೇ ಕಣ್ಣಾರೆ ಕಾಣಬೇಕು.

ಮನುಷ್ಯನ ಬರಿಗಣ್ಣಿಗೆ ಸುಮಾರು 0.1 ಮಿ.ಮೀ.ಗಿಂತ ಚಿಕ್ಕ ವಿವರಗಳು ಬಿಡಿಬಿಡಿಯಾಗಿ ತೋರವು. 0.2 ಮಿ.ಮೀ. ಉದ್ದದ ಮೈಟ್ ನುಸಿ ಬರಿಗಣ್ಣಿಗೆ ಒಂದು ಧೂಳಿನ ಕಣ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಅದು ಓಡಾಡುವ ಜೀವಿ. ಇನ್ನೂ ಹಿಗ್ಗಿಸಿದ ಛಾಯಾಚಿತ್ರದಲ್ಲಿ ಅದರ ಮೊಟ್ಟೆಯ ಮೇಲಿನ ಬಿಳಿ ಗುಬುಟುಗಳ ಸಾಲುಗಳೂ ಎಣಿಸುವಷ್ಟು ಸ್ಪಷ್ಟ. ಇಂತಹ ಗುಬುಟುಗಳಿರುವ ಮೊಟ್ಟೆ ಸಿಕ್ಕಿದರೆ ಅದು ಥ್ರಿಪ್ಸಿನದಲ್ಲವೆಂದು ನಿಶ್ಚಯಿಸಬಹುದು. ಏಕೆಂದರೆ ಮೆಣಸಿನ ಥ್ರಿಪ್ಸ್ ತನ್ನ ಮೊಟ್ಟೆಯನ್ನು ಎಲೆಯ ಒಳಗೆ ತೂರಿಸಿ ಇಡುತ್ತದೆ.

ಒಂದೇ ಚಿತ್ರದಲ್ಲಿ ಏಕೆ ಸಿಗುವುದಿಲ್ಲ?

ಮದುವೆ ಮನೆಯಲ್ಲಿ ತೆಗೆದ ಗುಂಪಿನ ಚಿತ್ರದಲ್ಲಿ ಮುಂದೆ ಕುಳಿತವರೂ ಹಿಂದೆ ನಿಂತವರೂ ಸ್ಪಷ್ಟವಾಗಿ ಬರುತ್ತಾರೆ. ಕ್ಯಾಮರಾ ದೂರದಲ್ಲಿರುವುದೇ ಇದಕ್ಕೆ ಕಾರಣ. ಕ್ಯಾಮರಾವನ್ನು ವಸ್ತುವಿನ ಹತ್ತಿರ ತಂದು ಚಿತ್ರವನ್ನು ಹಿಗ್ಗಿಸಿದಂತೆಲ್ಲ ಸ್ಪಷ್ಟವಾಗಿ ಕಾಣುವ ಆಳ ಕುಗ್ಗುತ್ತ ಹೋಗುತ್ತದೆ.

ಕೆಲವು ಅಂಕಿಗಳಿಂದ ಇದು ತಿಳಿಯುತ್ತದೆ. 36 ಮಿ.ಮೀ. ಅಗಲದ ಸಂವೇದಕವುಳ್ಳ ಕ್ಯಾಮರಾದಲ್ಲಿ ಕೀಟವನ್ನು ಅದರ ನಿಜ ಗಾತ್ರದಲ್ಲಿಯೇ ಮೂಡಿಸಿದರೆ, ಎಫ್ 8ರ ಕಿಂಡಿಯಲ್ಲಿ ಸ್ಪಷ್ಟತೆಯ ಆಳ ಸುಮಾರು 1 ಮಿ.ಮೀ. ಐದು ಪಟ್ಟು ಹಿಗ್ಗಿಸಿದಾಗ, ಎಫ್ 2.8ರಲ್ಲಿ, ಅದು ಸುಮಾರು 0.04 ಮಿ.ಮೀ. ಬರೆಯುವ ಕಾಗದದ ಹಾಳೆಯ ದಪ್ಪ ಸುಮಾರು 0.1 ಮಿ.ಮೀ.; ಎಂದರೆ ಅರ್ಧ ಹಾಳೆಯ ದಪ್ಪಕ್ಕಿಂತಲೂ ಕಡಿಮೆ. ಕ್ಯಾಮರಾಕ್ಕೆ ಸೂಕ್ಷ್ಮದರ್ಶಕದ ಹತ್ತು ಪಟ್ಟಿನ ಮಸೂರವನ್ನು ಜೋಡಿಸಿದರೆ ಆಳ ಸುಮಾರು 0.009 ಮಿ.ಮೀ.ಗೆ ಇಳಿಯುತ್ತದೆ. ಆಗ ಥ್ರಿಪ್ಸಿನ ಕಣ್ಣು ಸ್ಪಷ್ಟವಾದರೆ ಕಾಲು ಮಸುಕು. ಕಾಲು ಸ್ಪಷ್ಟವಾದರೆ ರೆಕ್ಕೆ ಮಸುಕು.

ಮಸೂರದ ಕಿಂಡಿಯನ್ನು ಕಿರಿದುಗೊಳಿಸಿದರೆ ಆಳ ಹೆಚ್ಚುವುದು ನಿಜ. ಆದರೆ ಅತಿ ಕಿರಿದಾದ ಕಿಂಡಿಯಲ್ಲಿ ಹಾಯುವ ಬೆಳಕು ಅಂಚಿನಲ್ಲಿ ಚೆದುರಿ ಇಡೀ ಚಿತ್ರವನ್ನೇ ಮಂದ ಮಾಡುತ್ತದೆ. ಹೆಚ್ಚು ಹಿಗ್ಗಿಸಿದಷ್ಟೂ ಈ ದೋಷ ಹೆಚ್ಚು. ಆದ್ದರಿಂದ ಆ ದಾರಿ ಬಹುದೂರ ಸಾಗದು.

ಈ ಕಷ್ಟ ಹೊಸದಲ್ಲ. 1665ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿ ತನ್ನ 'ಮೈಕ್ರೋಗ್ರಾಫಿಯಾ' ಗ್ರಂಥದಲ್ಲಿ ಚಿಗಟ, ಹೇನು, ನೊಣದ ಕಣ್ಣು ಮೊದಲಾದವುಗಳ ದೊಡ್ಡ ಚಿತ್ರಗಳನ್ನು ಪ್ರಕಟಿಸಿದ. ಒಂದೇ ವಸ್ತು ಬೇರೆ ಬೇರೆ ಬೆಳಕಿನಲ್ಲಿ ಬೇರೆ ಬೇರೆ ಆಕಾರವಾಗಿ ತೋರುವುದನ್ನು, ನೊಣದ ಕಣ್ಣು ಒಮ್ಮೆ ರಂಧ್ರಗಳ ಜಾಲರಿಯಂತೆಯೂ ಮತ್ತೊಮ್ಮೆ ಮೊಳೆ ಹೊಡೆದ ಹಲಗೆಯಂತೆಯೂ ಕಾಣುವುದನ್ನು ಆತ ಗಮನಿಸಿದ್ದ. ಆದ್ದರಿಂದ ಹಲವು ಬೆಳಕಿನಲ್ಲಿ, ಹಲವು ಭಂಗಿಗಳಲ್ಲಿ ನೋಡಿ ನಿಜ ಆಕಾರ ಖಚಿತವಾದ ಮೇಲೆಯೇ ಚಿತ್ರ ಬರೆದ. ಹಲವು ನೋಟಗಳನ್ನು ಆತ ಮನಸ್ಸಿನಲ್ಲಿ ಕೂಡಿಸಿದ. ಆ ಕೆಲಸದ ಒಂದು ಭಾಗವನ್ನು ಇಂದು ಕಂಪ್ಯೂಟರ್ ಮಾಡುತ್ತದೆ.

ಪದರ ಪದರವಾಗಿ ಚಿತ್ರ

ಈ ವಿಧಾನಕ್ಕೆ ಫೋಕಸ್ ಸ್ಟ್ಯಾಕಿಂಗ್ ಎಂದು ಹೆಸರು. ಪದರ ಜೋಡಣೆ ಎನ್ನಬಹುದು. ಬೇಸಿಗೆಯಲ್ಲಿ ಕೆರೆಯ ನೀರು ಇಳಿಯುವಾಗ ದಂಡೆಯ ಮೇಲೆ ದಿನಕ್ಕೊಂದು ಗೆರೆ ಉಳಿಯುತ್ತದೆ. ಒಂದು ಗೆರೆಯಿಂದ ಕೆರೆಯ ಆಕಾರ ತಿಳಿಯುವುದಿಲ್ಲ. ಎಲ್ಲ ಗೆರೆಗಳನ್ನೂ ಒಟ್ಟಿಗೆ ಬರೆದಿಟ್ಟರೆ ಅಂಗಳದ ಏರುತಗ್ಗು ಪೂರ್ತಿ ಗೊತ್ತಾಗುತ್ತದೆ. ಸಮಪಾತಳಿ ಬದು ಹಾಕಿಸಿದವರಿಗೆ ಇದು ತಿಳಿದ ಸಂಗತಿಯೇ. ಕ್ಯಾಮರಾದ ಸ್ಪಷ್ಟ ಪದರವೂ ಆ ನೀರಿನ ಮಟ್ಟದಂತೆ. ಕೀಟದ ಮೇಲಿನಿಂದ ಕೆಳಗಿನವರೆಗೆ ಅದನ್ನು ಹೆಜ್ಜೆ ಹೆಜ್ಜೆಯಾಗಿ ಇಳಿಸುತ್ತ ಪ್ರತಿ ಹೆಜ್ಜೆಗೂ ಒಂದು ಚಿತ್ರ ತೆಗೆಯುತ್ತಾರೆ.

ಕೆಲಸದ ಕ್ರಮ ಹೀಗಿದೆ:

1. ಕೀಟವನ್ನು ಶುಚಿಗೊಳಿಸುವುದು. ಸತ್ತ ಕೀಟದ ಮೈಮೇಲೆ ಧೂಳು, ಮೇಣ, ಪರಾಗ ಅಂಟಿದ್ದರೆ ಗುರುತುಗಳು ಮುಚ್ಚಿಹೋಗುತ್ತವೆ.

2. ಕೀಟವನ್ನು ಅಲುಗದಂತೆ ಸ್ಥಿರವಾಗಿ ಇಡುವುದು. ಬೀಸಣಿಗೆಯ ಗಾಳಿ, ಹೊರಗೆ ಹೋಗುವ ಲಾರಿಯ ಅದುರು, ಮೇಜಿಗೆ ತಗುಲಿದ ಮೊಣಕೈ ಇವೆಲ್ಲ ಚಿತ್ರವನ್ನು ಕೆಡಿಸುತ್ತವೆ.

3. ಬೆಳಕನ್ನು ಮೃದುಗೊಳಿಸುವುದು. ಕೀಟಗಳ ಮೈ ಹೊಳಪಿನದು. ನೇರ ಬೆಳಕು ಬಿದ್ದಲ್ಲಿ ಬಿಳಿ ಕಲೆಯಾಗಿ ಗುರುತು ಅಳಿಸುತ್ತದೆ. ದೀಪಕ್ಕೂ ಕೀಟಕ್ಕೂ ನಡುವೆ ಟ್ರೇಸಿಂಗ್ ಕಾಗದ ಹಿಡಿದರೆ ಬೆಳಕು ಹರಡುತ್ತದೆ.

4. ತಿರುಪು ಅಥವಾ ಸಣ್ಣ ಮೋಟಾರಿನ ಸಹಾಯದಿಂದ ಕ್ಯಾಮರಾವನ್ನು ಸಮ ಅಂತರದಲ್ಲಿ ಸರಿಸುತ್ತ ಚಿತ್ರ ತೆಗೆಯುವುದು. ಪ್ರತಿ ಹೆಜ್ಜೆಯೂ ಸ್ಪಷ್ಟತೆಯ ಆಳಕ್ಕಿಂತ ಕಡಿಮೆಯಿರಬೇಕು. ಇಲ್ಲದಿದ್ದರೆ ನಡುವೆ ಮಸುಕು ಪಟ್ಟಿ ಉಳಿಯುತ್ತದೆ. ಥ್ರಿಪ್ಸಿನ ದಪ್ಪ 0.2 ಮಿ.ಮೀ., ಹೆಜ್ಜೆ 0.006 ಮಿ.ಮೀ. ಎಂದಿಟ್ಟುಕೊಂಡರೆ ಮೂವತ್ತಕ್ಕೂ ಹೆಚ್ಚು ಚಿತ್ರಗಳಾಗುತ್ತವೆ.

5. ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು. ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಮುಂತಾದ ತಂತ್ರಾಂಶಗಳು ಮೊದಲು ಎಲ್ಲ ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುತ್ತವೆ. ನಂತರ ಪ್ರತಿಯೊಂದು ಚುಕ್ಕೆಯ ಸ್ಥಾನದಲ್ಲಿ ಯಾವ ಚಿತ್ರ ಹೆಚ್ಚು ಸ್ಪಷ್ಟವೋ ಅದನ್ನು ಆರಿಸಿ, ಆರಿಸಿದ ಭಾಗಗಳನ್ನೆಲ್ಲ ಸೇರಿಸಿ ಒಂದೇ ಚಿತ್ರ ಮಾಡುತ್ತವೆ. ರಾಶಿಯಲ್ಲಿ ಗಟ್ಟಿ ಕಾಳು ಆರಿಸಿ ಬೀಜಕ್ಕೆ ತೆಗೆದಿಟ್ಟಂತೆ.

ಇಂಗ್ಲೆಂಡಿನ ಲೆವನ್ ಬಿಸ್ ಎಂಬ ಛಾಯಾಗ್ರಾಹಕ ಈ ವಿಧಾನವನ್ನು ಬಹುದೂರ ಕೊಂಡೊಯ್ದಿದ್ದಾನೆ. 2016ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಕೃತಿ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾದ ಆತನ ಕೀಟಚಿತ್ರಗಳಲ್ಲಿ ಒಂದೊಂದಕ್ಕೂ 8,000ಕ್ಕೂ ಹೆಚ್ಚು ಬಿಡಿ ಚಿತ್ರಗಳು ಸೇರಿದ್ದವು. ಕೀಟದ ಮೈಯನ್ನು ಸುಮಾರು 30 ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗಕ್ಕೂ ಬೇರೆ ಬೆಳಕು ಹೊಂದಿಸಿ, ಚಿತ್ರದಿಂದ ಚಿತ್ರಕ್ಕೆ 0.01 ಮಿ.ಮೀ. ಸರಿಸಿ ಅವನ್ನು ತೆಗೆಯಲಾಗಿತ್ತು. ಅಮೆರಿಕದ ಭೂಗರ್ಭ ಸಮೀಕ್ಷಾ ಸಂಸ್ಥೆಯಲ್ಲಿ ಸ್ಯಾಮ್ ಡ್ರೋಗಿ ಮತ್ತು ಸಂಗಡಿಗರು ಕಾಡುಜೇನುಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಇದೇ ವಿಧಾನದಿಂದ ಸಾವಿರಾರು ಚಿತ್ರಗಳನ್ನು ತೆಗೆದು ಎಲ್ಲರ ಬಳಕೆಗೆ ಮುಕ್ತವಾಗಿ ಬಿಟ್ಟುಕೊಟ್ಟಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಭಾರತದ ಬೆಳೆಗಳ ಕೀಟಗಳ ಚಿತ್ರಗಳನ್ನು ತನ್ನ ಅಂತರ್ಜಾಲ ತಾಣದಲ್ಲಿ ಒದಗಿಸಿದೆ. ವಿಸ್ತರಣಾ ಕಾರ್ಯಕರ್ತರು ಇವುಗಳನ್ನು ತರಬೇತಿಗಳಲ್ಲಿ ಬಳಸಿಕೊಳ್ಳಬೇಕು.

ಸರಿಯಾದ ಹೆಸರಿನಿಂದ ಆದ ಲಾಭ

ಎಲ್ಲ ಪೀಡೆಗಳಿಗೂ ಇಷ್ಟು ಶ್ರಮ ಬೇಕಿಲ್ಲ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಮುಸುಕಿನ ಜೋಳದ ಮೇಲೆ ಭಾರತದಲ್ಲೇ ಮೊದಲ ಬಾರಿಗೆ ಕಂಡುಬಂದ ಫಾಲ್ ಸೈನಿಕ ಹುಳುವನ್ನು ಬಲಿತ ಹಂತದಲ್ಲಿ ಬರಿಗಣ್ಣಿನಿಂದಲೇ ಗುರುತಿಸಬಹುದು. ಅದರ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರದಂತಹ ಗೆರೆ, ಹಿಂಭಾಗದಲ್ಲಿ ಚೌಕಾಕಾರದ ನಾಲ್ಕು ಕಪ್ಪು ಚುಕ್ಕೆ ಇರುತ್ತವೆ. ಮೊಬೈಲ್ ಫೋನಿನ ಒಂದು ಚಿತ್ರವೇ ಇದಕ್ಕೆ ಸಾಕು.

ಸಣ್ಣ ಕೀಟಗಳ ಮಾತು ಬೇರೆ. 2021ರಲ್ಲಿ ಆಂಧ್ರಪ್ರದೇಶ, ತೆಲಂಗಾಣ ಹಾಗೂ ಕರ್ನಾಟಕದ ಮೆಣಸಿನಕಾಯಿ ಹೊಲಗಳಲ್ಲಿ ಹೂವಿನೊಳಗೆ ಗುಂಪುಗುಂಪಾಗಿ ಕಪ್ಪು ಥ್ರಿಪ್ಸ್ ಕಾಣಿಸಿಕೊಂಡು ಅಪಾರ ನಷ್ಟ ಮಾಡಿತು. ಹಿಂದಿನಿಂದ ಪರಿಚಿತವಾದ ಮೆಣಸಿನ ಥ್ರಿಪ್ಸ್ ತಿಳಿ ಹಳದಿ ಬಣ್ಣದ್ದು. ಹೆಚ್ಚಾಗಿ ಎಳೆಯ ಎಲೆಯಲ್ಲಿರುತ್ತದೆ. ಹೊಸದಾಗಿ ಬಂದದ್ದು ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಬೇರೆಯೇ ಜಾತಿ. 2015ರಲ್ಲಿಯೇ ಬೆಂಗಳೂರಿನ ಪಪ್ಪಾಯಿ ಗಿಡಗಳಿಂದ ಅದು ಭಾರತದಲ್ಲಿ ಮೊದಲ ಬಾರಿಗೆ ವರದಿಯಾಗಿತ್ತು. ಕುಡಿಮೀಸೆಯ ಗಣ್ಣುಗಳ ಎಣಿಕೆ, ರೆಕ್ಕೆಯ ಮೇಲಿನ ರೋಮಗಳ ಸಾಲು ಇಂತಹ ಗುರುತುಗಳಿಂದ ತಜ್ಞರು ಅದನ್ನು ಬೇರ್ಪಡಿಸಿದ್ದರು. ಹೀಗೆ, ಪೀಡೆ ಮೆಣಸಿನ ಹೊಲಗಳಲ್ಲಿ ವಿಪರೀತವಾಗುವ ಆರು ವರ್ಷ ಮೊದಲೇ ಅದರ ಹೆಸರು ಸಿದ್ಧವಾಗಿತ್ತು. ಆ ಹೆಸರೇ ಇಲ್ಲದಿದ್ದರೆ ಅದರ ಸ್ವಭಾವವನ್ನಾಗಲಿ ಹತೋಟಿಯನ್ನಾಗಲಿ ಹುಡುಕಲು ದಾರಿಯೇ ಇರುತ್ತಿರಲಿಲ್ಲ.

ಪಪ್ಪಾಯಿಯ ಹಿಟ್ಟು ತಿಗಣೆಯ ವೃತ್ತಾಂತ ಇನ್ನೂ ಬೋಧಪ್ರದ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಈ ಪೀಡೆ ಕರ್ನಾಟಕದ ಪಪ್ಪಾಯಿ ಮತ್ತು ಹಿಪ್ಪುನೇರಳೆ ತೋಟಗಳಿಗೂ ಹರಡಿತು. ಮೈಮೇಲೆ ಮೇಣದ ಹೊದಿಕೆ ಇರುವುದರಿಂದ ಔಷಧಿ ಅದಕ್ಕೆ ಸುಲಭವಾಗಿ ತಾಗದು. ಹಿಟ್ಟು ತಿಗಣೆಗಳಲ್ಲಿ ಅನೇಕ ಜಾತಿಗಳಿದ್ದು ಬರಿಗಣ್ಣಿಗೆ ಎಲ್ಲವೂ ಬಿಳಿ ಹಿಟ್ಟಿನಂತೆಯೇ ಕಾಣುತ್ತವೆ. ಇದು ಮೆಕ್ಸಿಕೋ ಕಡೆಯ ಜಾತಿಯೆಂದು ಖಚಿತವಾದುದರಿಂದಲೇ ಅದರ ಸಹಜ ಶತ್ರುಗಳು ಯಾವುವೆಂದು ತಿಳಿಯಲು ಸಾಧ್ಯವಾಯಿತು. 2010ರಲ್ಲಿ ಪೋರ್ಟೋರಿಕೋದಿಂದ ಮೂರು ಜಾತಿಯ ಪರತಂತ್ರ ಜೀವಿಗಳನ್ನು ತರಿಸಿ ಬೆಂಗಳೂರಿನಲ್ಲಿ ವೃದ್ಧಿಪಡಿಸಿ ಹಂಚಲಾಯಿತು. ಅವುಗಳಲ್ಲಿ ಅಸೆರೋಫೇಗಸ್ ಪಪಾಯೆ ಎಂಬ ಪುಟ್ಟ ಕಣಜವೇ ಮುಖ್ಯವಾದದ್ದು. ಬಿಟ್ಟ ತೋಟಗಳಲ್ಲಿ ಕೆಲವೇ ತಿಂಗಳುಗಳಲ್ಲಿ ಪೀಡೆ ಹತೋಟಿಗೆ ಬಂದಿತು. ರೈತರ ಪರವಾಗಿ ದುಡಿದ ಈ ಕಣಜವನ್ನು ಹೆಚ್ಚಿನ ರೈತರು ನೋಡಿಯೇ ಇಲ್ಲ. ಅರಿಯದೆ ಔಷಧಿ ಹೊಡೆದರೆ ಹಿಟ್ಟು ತಿಗಣೆಗಿಂತ ಮೊದಲು ಸಾಯುವುದು ಅದೇ. ಇಂತಹ ಉಪಕಾರಿ ಕೀಟಗಳ ದೊಡ್ಡ ಚಿತ್ರಗಳನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಹಾಕುವುದು ಯೋಗ್ಯ.

ಚಿತ್ರವೂ ತಪ್ಪು ಹೇಳೀತು

ಜೋಡಿಸಿದ ಚಿತ್ರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಚಿತ್ರ ತೆಗೆಯುವಾಗ ಕೀಟ ಅಲುಗಿದರೆ ಒಂದು ಕುಡಿಮೀಸೆ ಎರಡಾಗಿ ಕಾಣುತ್ತದೆ. ಒಂದರ ಹಿಂದೊಂದು ಹಾಯುವ ರೋಮಗಳ ಸುತ್ತ ಮಸುಕಿನ ಅಂಚು ಮೂಡಬಹುದು, ಹಿಂದಿನ ರೋಮ ಅಳಿಸಿಹೋಗಬಹುದು. ರೋಮಗಳನ್ನು ಎಣಿಸಿಯೇ ಜಾತಿ ನಿರ್ಧರಿಸುವ ಥ್ರಿಪ್ಸ್‌ನಂತಹ ಕೀಟಗಳಲ್ಲಿ ಇದು ಸಣ್ಣ ದೋಷವಲ್ಲ. ಆದ್ದರಿಂದ ಬಿಡಿ ಚಿತ್ರಗಳನ್ನು ಕಾಪಾಡಿಕೊಂಡು ಸಂದೇಹ ಬಂದಾಗ ಅವುಗಳೊಡನೆ ಹೋಲಿಸಬೇಕು. ಎರಡನೆಯದಾಗಿ, ಚಿತ್ರದಲ್ಲಿ ಗಾತ್ರ ತಿಳಿಯುವುದಿಲ್ಲ. ಹಿಗ್ಗಿಸಿದ ಮೈಟ್ ನುಸಿಯೂ ದನದ ಉಣುಗಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಆದುದರಿಂದ ಅಳತೆಯ ಗೆರೆಯಿಲ್ಲದ ಚಿತ್ರದಿಂದ ನಿರ್ಣಯಕ್ಕೆ ಬರಬಾರದು. ಮೂರನೆಯದಾಗಿ, ಚಿತ್ರ ಎಷ್ಟೇ ಚೆನ್ನಾಗಿದ್ದರೂ ಮೂಲ ಮಾದರಿಗೆ ಅದು ಬದಲಿಯಲ್ಲ. ಥ್ರಿಪ್ಸ್ ಜಾತಿಯನ್ನು ಖಚಿತಪಡಿಸಲು ತಜ್ಞರು ಕೀಟವನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲೇಬೇಕು.

ರೈತರು ಮಾಡಬೇಕಾದದ್ದು

ಮೋಟಾರು, ತಂತ್ರಾಂಶ ಇವು ಪ್ರಯೋಗಾಲಯದ ಕೆಲಸ. ಹೊಲದಲ್ಲಿ ಹತ್ತು ಪಟ್ಟಿನ ಒಂದು ಭೂತಗನ್ನಡಿ ಮತ್ತು ಮೊಬೈಲ್ ಫೋನ್ ಇದ್ದರೆ ಸಾಕು. ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು:

1. ಬೆಳಗಿನ ಹೊತ್ತು ಹೊಲದ ನಾಲ್ಕು ಮೂಲೆ ಹಾಗೂ ನಡುವಿನಿಂದ ಗಿಡಗಳನ್ನು ಆರಿಸಬೇಕು. ಬಿಳಿ ಕಾಗದದ ಮೇಲೆ ಕುಡಿ ಮತ್ತು ಹೂಗಳನ್ನು ತಟ್ಟಿದರೆ ಥ್ರಿಪ್ಸ್ ಉದುರಿ ಹರಿದಾಡುತ್ತವೆ. ಮೈಟ್ ನುಸಿಗಾಗಿ ಎಳೆಯ ಎಲೆಯ ತಳಭಾಗವನ್ನು ಭೂತಗನ್ನಡಿಯಲ್ಲಿ ನೋಡಬೇಕು.

2. ಉದ್ದವಾಗಿ ಕಡ್ಡಿಯಂತಿದ್ದು ಆರು ಕಾಲುಗಳಿದ್ದರೆ ಥ್ರಿಪ್ಸ್. ಗುಂಡಗೆ ಮಿನುಗುವ ಹಳದಿ ಕಣದಂತಿದ್ದು ನಿಧಾನವಾಗಿ ಚಲಿಸುತ್ತಿದ್ದರೆ ಮೈಟ್ ನುಸಿ ಎಂದು ತಾತ್ಕಾಲಿಕವಾಗಿ ತಿಳಿಯಬಹುದು.

3. ಚಿತ್ರ ತೆಗೆಯುವಾಗ ಐದು ಚಿತ್ರಗಳು ಬೇಕು: ಹೊಲದ ನೋಟ, ಇಡೀ ಗಿಡ, ಬಾಧೆಗೊಳಗಾದ ಕುಡಿ, ಎಲೆಯ ತಳಭಾಗ, ಮತ್ತು ಮಿ.ಮೀ. ಪಟ್ಟಿಯ ಪಕ್ಕದಲ್ಲಿಟ್ಟ ಕೀಟ. ಫೋನಿಗೆ ಸಿಕ್ಕಿಸುವ ಸಣ್ಣ ಮಸೂರ ಪೇಟೆಯಲ್ಲಿ ದೊರೆಯುತ್ತದೆ. ಮೊಣಕೈಯನ್ನು ಊರಿಕೊಂಡು, ಫೋನನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಹತ್ತಾರು ಚಿತ್ರ ತೆಗೆದು, ಸ್ಪಷ್ಟವಾದುವನ್ನು ಉಳಿಸಿಕೊಳ್ಳಬೇಕು. ಒಂದರಲ್ಲಿ ತಲೆ, ಇನ್ನೊಂದರಲ್ಲಿ ರೆಕ್ಕೆ ಸ್ಪಷ್ಟವಾಗಿದ್ದರೆ ಎರಡನ್ನೂ ಕಳುಹಿಸಬೇಕು.

4. ಥ್ರಿಪ್ಸನ್ನು ನೆನೆಸಿದ ಸಣ್ಣ ಕುಂಚದಿಂದ ಎತ್ತಿ ಶೇ. 70ರ ಮದ್ಯಸಾರವಿರುವ ಸೀಸೆಗೆ ಹಾಕಬೇಕು. ಬೆಳೆ, ಊರು, ದಿನಾಂಕ, ಹಿಂದೆ ಸಿಂಪಡಿಸಿದ ಔಷಧಿಗಳ ಹೆಸರು ಇವುಗಳನ್ನು ಚೀಟಿಯಲ್ಲಿ ಸೀಸದ ಕಡ್ಡಿಯಿಂದ ಬರೆಯಬೇಕು. ಶಾಯಿ ಮದ್ಯಸಾರದಲ್ಲಿ ಕರಗುತ್ತದೆ.

5. ಅಪರಿಚಿತ ಪೀಡೆಯನ್ನು ಜೀವಂತವಾಗಿ ಬೇರೆ ಊರಿಗೆ ಒಯ್ಯಬಾರದು. ಮಾದರಿಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ತಲುಪಿಸಿ ಸಲಹೆ ಪಡೆಯಬೇಕು.

6. ಸಲಹೆ ಬರುವ ತನಕ ಎರಡು ಮೂರು ಔಷಧಿಗಳನ್ನು ಬೆರೆಸಿ ಹೊಡೆಯುವ ಅಭ್ಯಾಸವನ್ನು ಬಿಡಬೇಕು.

ವಿಸ್ತರಣಾ ಕಾರ್ಯಕರ್ತರು ಒಂದು ಮಾತನ್ನು ಗಮನಿಸಬೇಕು. ರೈತನು ನುಸಿ ಎಂದಾಗ, "ಯಾವ ನುಸಿ? ಎಲೆ ಮೇಲಕ್ಕೆ ಮಡಚಿದೆಯೋ, ಕೆಳಕ್ಕೋ? ಕನ್ನಡಿ ಹಿಡಿದು ನೋಡಿದಿರಾ?" ಎಂದು ಕೇಳಿದ ನಂತರವೇ ಔಷಧಿಯ ಚೀಟಿ ಬರೆಯಬೇಕು. ಈ ಮೂರು ಪ್ರಶ್ನೆಗಳಿಗೆ ಖರ್ಚಿಲ್ಲ.

ರೈತ ಬಾಂಧವರೇ, ಬಿತ್ತನೆ ಬೀಜವನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವ ರೈತನಿಲ್ಲ. ಎತ್ತಿನ ಹಲ್ಲು ನೋಡದೆ ಬೆಲೆ ಕಟ್ಟುವವನೂ ಇಲ್ಲ. ಬೆಳೆಯನ್ನು ತಿನ್ನುವ ಜೀವಿಯನ್ನೂ ಅದೇ ಎಚ್ಚರದಿಂದ ನೋಡಬೇಕು. ಈ ಹಂಗಾಮಿನಲ್ಲಿ ಮೊದಲ ಸಿಂಪರಣೆಗೆ ಮುನ್ನ ಪ್ರತಿ ಮನೆಯಲ್ಲೂ ಒಂದು ಭೂತಗನ್ನಡಿ ಇರಲಿ, ಅದು ಕಪಾಟಿನಲ್ಲಿ ಉಳಿಯದೆ ಹೊಲಕ್ಕೆ ಹೋಗಲಿ.